ಅಚ್ಚುಕಟ್ಟಿನ ಪಟ್ಟಿ ಮತ್ತು ಅಕ್ಷರದ ಸಂಖ್ಯೆ

ಬೇಲೂರು ತಾಲ್ಲೂಕಿನ ನಮ್ಮೂರ ಕೆರೆಯ ಅಚ್ಚುಕಟ್ಟಿನಲ್ಲಿ ಯಾರ ಜಮೀನು ಎಷ್ಟು ಗುಂಟೆ ಸೇರಿದೆ ಎಂಬ ಪಟ್ಟಿಯನ್ನು 2003ರಲ್ಲಿ ಕಚೇರಿಯೊಂದರವರು ಟೈಪು ಮಾಡಿಸಿ, ಸಿ.ಡಿ.ಗೆ ಹಾಕಿ ಕೊಟ್ಟಿದ್ದರು. ಹೋದ ಬೇಸಿಗೆಯಲ್ಲಿ ತೂಬಿನ ನೀರಿನ ಸರದಿ ನಿಗದಿ ಮಾಡಬೇಕಾಗಿ ಬಂದಾಗ, ಹಾಸನದ ಡಿ.ಟಿ.ಪಿ. ಅಂಗಡಿಯಲ್ಲಿ ಅದನ್ನು ತೆರೆಸಿದೆವು. ಸಿ.ಡಿ. ಕೆಟ್ಟಿರಲಿಲ್ಲ, ಕಡತವೂ ತೆರೆದುಕೊಂಡಿತು. ಆದರೆ ಪರದೆಯ ಮೇಲೆ ಒಂದು ಕನ್ನಡ ಅಕ್ಷರವೂ ಇರಲಿಲ್ಲ. ಗುಂಟೆಯ ಅಂಕಿಗಳು ಸರಿಯಾಗಿದ್ದವು. ಅವು ಯಾರ ಗುಂಟೆಗಳು ಎಂಬುದು ಮಾತ್ರ ತಿಳಿಯುವಂತಿರಲಿಲ್ಲ. ಸರ್ಕಾರದ ಕಡತಗಳೂ ತಂತ್ರಾಂಶವೂ ಎಲ್ಲರಿಗೂ ಮುಕ್ತವಾಗಿರಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ ಶುರುವಾಗುವುದು ಈ ಪಟ್ಟಿಯಿಂದಲೇ.

ಕಂಪ್ಯೂಟರು ಉಳಿಸಿಡುವುದು ಅಕ್ಷರವನ್ನಲ್ಲ, ಸಂಖ್ಯೆಯನ್ನು. ಯಾವ ಸಂಖ್ಯೆ ಯಾವ ಅಕ್ಷರಕ್ಕೆ ಎಂಬ ಒಪ್ಪಂದ ಎಲ್ಲರಿಗೂ ತಿಳಿದಿದ್ದರೆ ಮಾತ್ರ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಬಹುದು. ಆಗ ಬಳಕೆಯಲ್ಲಿದ್ದ ಫಾಂಟುಗಳು ಇಂಗ್ಲಿಷ್ ಅಕ್ಷರಗಳಿಗೂ ಯುರೋಪಿನ ಚಿಹ್ನೆಗಳಿಗೂ ಮೀಸಲಾದ ಸಂಖ್ಯೆಗಳ ಮೇಲೆ ಕನ್ನಡ ಅಕ್ಷರಗಳ ಚೂರುಗಳನ್ನು ಕೂರಿಸಿದ್ದವು. ನಮ್ಮ ಪಟ್ಟಿಯಲ್ಲಿ ‘ಕ’ದ ಒಡಲು ಇಂಗ್ಲಿಷಿನ ದೊಡ್ಡ ‘ಪಿ’ಯ ಸಂಖ್ಯೆಯಾದ 80ರಲ್ಲಿತ್ತು, ಅದರ ತಲೆಕಟ್ಟು 192ರಲ್ಲಿ, ‘ನ’ದ ಒಡಲು ಬ್ರಿಟನ್ನಿನ ಪೌಂಡ್ ಚಿಹ್ನೆಯ ಜಾಗದಲ್ಲಿ. ಫಾಂಟು ಇರುವ ಯಂತ್ರದಲ್ಲಿ ಅದು ಕನ್ನಡ, ಇಲ್ಲದ ಯಂತ್ರದಲ್ಲಿ ಬರಿಯ ಪೌಂಡುಗಳ ಸಾಲು. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಖ್ಯಾಕೋಷ್ಟಕವಾದ ಯೂನಿಕೋಡ್‌ನಲ್ಲಾದರೋ ‘ಕ’ಕ್ಕೆ 3221 ಎಂಬ ಸಂಖ್ಯೆ ನಿಗದಿಯಾಗಿದೆ, ಅದು ಬೇರಾವ ಲಿಪಿಯ ಅಕ್ಷರಕ್ಕೂ ಸೇರಿಲ್ಲ, ಮತ್ತು ಆ ಕೋಷ್ಟಕವನ್ನು ಯಾರು ಬೇಕಾದರೂ ಹಣ ಕೊಡದೆ, ಅಪ್ಪಣೆ ಕೇಳದೆ ಬಳಸಬಹುದು.

ನಮ್ಮ ಪಟ್ಟಿಯನ್ನು ಉಳಿಸಿದ್ದು ಕನ್ನಡದ ಉತ್ಸಾಹಿಗಳು ಬರೆದು, ಮೂಲ ಸಂಕೇತದ (ತಂತ್ರಾಂಶದ ಒಳಗಿನ ಬರಹದ) ಸಮೇತ ಹಂಚಿದ ಪುಟ್ಟ ಪರಿವರ್ತಕ, ಎಂದರೆ ಹಳೆಯ ಸಂಖ್ಯೆಗಳನ್ನು ಯೂನಿಕೋಡ್ ಸಂಖ್ಯೆಗಳಾಗಿ ಬದಲಿಸುವ ತಂತ್ರಾಂಶ. ಆದರೂ ಕೆಲಸ ಒಂದೇ ಏಟಿಗೆ ಮುಗಿಯಲಿಲ್ಲ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ಉಚ್ಚಾರಣೆಯಂತೆ ಮೊದಲೇ ಬರುತ್ತದೆ. ಹಾಗಾಗಿ ‘ಸರ್ವೆ’ ಎಂಬ ಪದವೇ ಕೆಲವೆಡೆ ಕಲಸಿಹೋಗಿತ್ತು. ಎರಡು ಹೆಸರುಗಳನ್ನು ಕೈಬರಹದ ಹಳೆಯ ಪಹಣಿಯೊಂದಿಗೆ ತಾಳೆ ನೋಡಿ ತಿದ್ದಬೇಕಾಯಿತು.

ಹೀಗಾಗಿ ಸರ್ಕಾರಕ್ಕೆ ಮುಕ್ತ ಮಾನಕಗಳು, ಎಂದರೆ ಯಾರು ಬೇಕಾದರೂ ಬಳಸಬಹುದಾದ ಇಂಥ ಒಪ್ಪಂದಗಳು, ಬೇಕೇ ಎಂಬುದು ನನ್ನ ಮಟ್ಟಿಗೆ ಚರ್ಚೆಯ ವಿಷಯವಲ್ಲ. 50 ಕಿಲೋ ಕಾಫಿ ಮೂಟೆಯನ್ನು ತೂಗುವಾಗ ತಕ್ಕಡಿ ಯಾವ ಕಂಪನಿಯದಾದರೂ ಕಿಲೋ ಎಲ್ಲರಿಗೂ ಒಂದೇ; 1956ರ ಕಾಯ್ದೆ ಮೆಟ್ರಿಕ್ ಅಳತೆಯನ್ನು ತಂದದ್ದು ಇದಕ್ಕಾಗಿಯೇ. ಕಡತಕ್ಕೂ ಇದೇ ನ್ಯಾಯ ಸಲ್ಲಬೇಕು. ಭಾರತ ಸರ್ಕಾರ 2009ರಲ್ಲಿ ಇ-ಆಡಳಿತಕ್ಕೆ ಯೂನಿಕೋಡ್ ಅನ್ನು ಮಾನಕವೆಂದು ಗೊತ್ತುಮಾಡಿತು. 2010ರ ನೀತಿಯಲ್ಲಿ ಮಾನಕದ ಬಳಕೆಗೆ ರಾಯಧನ ಕೊಡುವಂತಿರಬಾರದು ಎಂದಿತು. ಕಚೇರಿ ದಾಖಲೆಗಳಿಗೆಂದು ರೂಪಿಸಿದ ಓಪನ್ ಡಾಕ್ಯುಮೆಂಟ್ ಎಂಬ ಕಡತ ವಿನ್ಯಾಸ (ಫಾರ್ಮ್ಯಾಟ್) 2006ರಿಂದಲೇ ಅಂತರರಾಷ್ಟ್ರೀಯ ಮಾನಕವಾಗಿದೆ.

ಮೂಲ ಸಂಕೇತವನ್ನು ಯಾರು ಬೇಕಾದರೂ ನೋಡಿ, ತಿದ್ದಿ, ಹಂಚಬಹುದಾದ ಮುಕ್ತ ತಂತ್ರಾಂಶದ ಮಾತು ಇಷ್ಟು ಸರಳವಲ್ಲ. 2015ರ ಕೇಂದ್ರ ನೀತಿ ಅದಕ್ಕೆ ಆದ್ಯತೆ ಕೊಟ್ಟಿದೆ, ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಅದರಲ್ಲೇ ಕಂಪ್ಯೂಟರ್ ಕಲಿಸುತ್ತಿವೆ. ಆದರೆ ಜರ್ಮನಿಯ ಮ್ಯೂನಿಕ್ ನಗರಾಡಳಿತ ಸುಮಾರು 15,000 ಕಂಪ್ಯೂಟರುಗಳನ್ನು ಮುಕ್ತ ತಂತ್ರಾಂಶವಾದ ಲಿನಕ್ಸ್‌ಗೆ ಬದಲಿಸಿ, 2017ರಲ್ಲಿ ವಿಂಡೋಸ್‌ಗೆ ಮರಳಲು ತೀರ್ಮಾನಿಸಿತು. ಹೊರಗಿನ ಕಚೇರಿಗಳೆಲ್ಲ ಬೇರೆ ವಿನ್ಯಾಸದ ಕಡತ ಕಳಿಸುತ್ತಿರುವಾಗ ಒಂದು ಊರು ಒಂಟಿಯಾಗಿ ಬದಲಾಗುವುದು ಕಷ್ಟ. ಮಾನಕ ಮೊದಲು, ತಂತ್ರಾಂಶ ಆಮೇಲೆ ಎಂದು ನಾನು ಹೇಳುವುದು ಅದಕ್ಕೇ. ಮೂಲ ಸಂಕೇತ ಎಲ್ಲರಿಗೂ ಕಾಣುತ್ತದೆ ಎಂದಮಾತ್ರಕ್ಕೆ ಅದು ಸುರಕ್ಷಿತವೂ ಅಲ್ಲ. ಅಂತರಜಾಲದ ಮಾಹಿತಿಯನ್ನು ಗೂಢವಾಗಿಡುವ ಮುಕ್ತ ತಂತ್ರಾಂಶವೊಂದರಲ್ಲಿ 2014ರಲ್ಲಿ ಬಯಲಾದ ‘ಹಾರ್ಟ್‌ಬ್ಲೀಡ್’ ದೋಷ ಎರಡು ವರ್ಷ ಎಲ್ಲರ ಕಣ್ಣೆದುರೇ ಇತ್ತು. ನೋಡುವ ಹಕ್ಕು ಇದ್ದವರು ಬಹಳ ಮಂದಿ, ನೋಡುವುದನ್ನೇ ಕೆಲಸ ಮಾಡಿಕೊಂಡವರು ಬೆರಳೆಣಿಕೆಯಷ್ಟು.

ಆದ್ದರಿಂದ ಪರವಾನಗಿಯ ಶುಲ್ಕದಲ್ಲಿ ಉಳಿದ ಹಣವನ್ನು ಉಳಿತಾಯವೆಂದು ಲೆಕ್ಕ ಹಾಕಕೂಡದು. ಅದು ಸಂಕೇತವನ್ನು ಓದಬಲ್ಲ, ತಿದ್ದಬಲ್ಲ ನೌಕರರ ಸಂಬಳವಾಗಬೇಕು. ಹಾಸನದ ಎಂಜಿನಿಯರಿಂಗ್ ಕಾಲೇಜುಗಳಿಂದ ಪ್ರತಿ ವರ್ಷ ಹೊರಬರುವ ಹುಡುಗ ಹುಡುಗಿಯರಲ್ಲಿ ಕೆಲವರಾದರೂ ಈ ಕೆಲಸಕ್ಕಾಗಿ ಬೆಂಗಳೂರಿನ ಬಸ್ಸು ಹತ್ತದೆ ಜಿಲ್ಲೆಯಲ್ಲೇ ಉಳಿಯಬಹುದು. ಪಹಣಿ, ಪಡಿತರ, ಬೆಳೆ ವಿಮೆಯಂತಹ ಸೇವೆಗಳಲ್ಲಿ ಯಾರು ಅರ್ಹರು, ಯಾರು ಅಲ್ಲ ಎಂದು ತೀರ್ಮಾನಿಸುವ ತಂತ್ರಾಂಶವನ್ನಾದರೂ ಟೆಂಡರಿನ ಷರತ್ತಿನಲ್ಲೇ ಮೂಲ ಸಂಕೇತದ ಸಮೇತ ಸರ್ಕಾರ ತನ್ನದಾಗಿಸಿಕೊಳ್ಳಬೇಕು. ಅರ್ಜಿ ಏಕೆ ತಿರಸ್ಕೃತವಾಯಿತು ಎಂದು ರೈತ ಕೇಳಿದಾಗ ‘ಸಿಸ್ಟಮ್ ತಗೊಳ್ತಾ ಇಲ್ಲ’ ಎನ್ನುವ ಗುಮಾಸ್ತರಿಗೂ ಕಾರಣ ತಿಳಿದಿರುವುದಿಲ್ಲ. ಅದು ಬರೆದಿರುವುದು ಆ ಸಂಕೇತದ ಯಾವುದೋ ಸಾಲಿನಲ್ಲಿ.