ನಾಣ್ಯಶಾಸ್ತ್ರಕ್ಕೆ ವಿಶ್ವವಿದ್ಯಾಲಯದಲ್ಲಿ ಸ್ವಂತ ಕೋಣೆ ಯಾಕಿಲ್ಲ?

ಪ್ರಾಚೀನ ಇತಿಹಾಸದ ಎಂ.ಎ. ಓದುವವರಿಗೆ ನಾಣ್ಯಶಾಸ್ತ್ರ ಸಿಗುವುದು ಹೆಚ್ಚಾಗಿ ಅರ್ಧ ಪತ್ರಿಕೆಯಾಗಿ. ಉಳಿದರ್ಧ ಶಾಸನಗಳಿಗೆ. ನಾಣ್ಯಶಾಸ್ತ್ರಕ್ಕೇ ಮೀಸಲಾದ ವಿಭಾಗ, ಅದರದ್ದೇ ಪದವಿ ಅಂತ ಹುಡುಕಿದರೆ ಇಡೀ ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಸಿಗಬಹುದು. ಐನೂರು ವರ್ಷಕ್ಕೂ ಹಳೆಯ ವಿದ್ಯೆಗೆ ಈ ಗತಿ ಯಾಕೆ? ಅದು ಹುಟ್ಟಿದ ಜಾಗ ನೋಡಿದರೆ ಅರ್ಥವಾಗುತ್ತದೆ.

ಯುರೋಪಿನಲ್ಲಿ ಇದು ಶುರುವಾಗಿದ್ದು ಶ್ರೀಮಂತರ ಹವ್ಯಾಸವಾಗಿ. ಇಟಲಿಯ ಕವಿ ಪೆಟ್ರಾರ್ಕ್ ರೋಮನ್ ನಾಣ್ಯ ಕೂಡಿಡುತ್ತಿದ್ದರು. 1354ರಲ್ಲಿ ಚಕ್ರವರ್ತಿ ನಾಲ್ಕನೇ ಚಾರ್ಲ್ಸ್‌ಗೆ ಕೆಲವನ್ನು ಕೊಟ್ಟು, ಅದರ ಮೇಲಿರುವ ರೋಮನ್ ದೊರೆಗಳ ಹಾಗೆ ಆಳು ಎಂದು ಬುದ್ಧಿ ಹೇಳಿದ್ದರು. ಆಮೇಲೆ ರಾಜರು, ಪಾದ್ರಿಗಳು, ವ್ಯಾಪಾರಿಗಳು ಎಲ್ಲರ ಮನೆಯಲ್ಲೂ ನಾಣ್ಯದ ಪೆಟ್ಟಿಗೆ ಬಂತು.

ತರಗತಿಯೊಳಗೆ ನಾಣ್ಯ ಬಂದಿದ್ದು 1738ರಲ್ಲಿ. ಜರ್ಮನಿಯ ಹಾಲೆ ವಿಶ್ವವಿದ್ಯಾಲಯದಲ್ಲಿ ಯೋಹಾನ್ ಹೈನ್ರಿಚ್ ಶುಲ್ಟ್ಸೆ ತಮ್ಮದೇ ಸಂಗ್ರಹ ಇಟ್ಟುಕೊಂಡು ಪಾಠ ಮಾಡಿದರು. ಬೆಳಕು ಬಿದ್ದರೆ ಬೆಳ್ಳಿಯ ಲವಣ ಕಪ್ಪಾಗುತ್ತದೆ ಎಂದು ತೋರಿಸಿದವರೂ ಇವರೇ. ಅಂದರೆ ಫೋಟೋಗ್ರಫಿಯ ಕಥೆಯಲ್ಲೂ ಈ ಮೇಷ್ಟ್ರು ಬರುತ್ತಾರೆ!

ನಿಜವಾದ ತಿರುವು ವಿಯೆನ್ನಾದ್ದು. ಯೋಸೆಫ್ ಎಕ್‌ಹೆಲ್ 1770ರ ದಶಕದಲ್ಲಿ ಅಲ್ಲಿನ ಅರಮನೆಯ ಪ್ರಾಚೀನ ನಾಣ್ಯ ಸಂಗ್ರಹವನ್ನು ನೋಡಿಕೊಂಡರು, ಜೊತೆಗೆ ವಿಶ್ವವಿದ್ಯಾಲಯದಲ್ಲಿ ಪಾಠವನ್ನೂ ಹೇಳಿದರು. ಗ್ರೀಕ್ ನಾಣ್ಯಗಳನ್ನು ಊರು, ಪ್ರದೇಶದ ಪ್ರಕಾರ ಜೋಡಿಸಿ, ಅದರೊಳಗೆ ಕಾಲದ ಪ್ರಕಾರ ಇಡುವ ಪದ್ಧತಿ ಇವರಿಂದ ಗಟ್ಟಿಯಾಯಿತು. 1792ರಿಂದ 1798ರವರೆಗೆ ಎಂಟು ಸಂಪುಟ ಬರೆದರು. ಜೋಡಣೆ ಬದಲಾದ ಕೂಡಲೇ ಒಡವೆಯಂತಿದ್ದ ವಸ್ತು ಪುರಾವೆಯಾಯಿತು.

ತೊಡಕು ಶುರುವಾಗಿದ್ದೂ ಇಲ್ಲೇ. ನಾಣ್ಯದ ಪಾಠಕ್ಕೆ ನಾಣ್ಯ ಬೇಕು, ಅದೂ ಸಾವಿರಗಟ್ಟಲೆ. ಅವು ಇದ್ದಿದ್ದು ಅರಮನೆಯಲ್ಲಿ, ಆಮೇಲೆ ಮ್ಯೂಸಿಯಂನಲ್ಲಿ. ಹಾಗಾಗಿ ವಿದ್ಯೆಯೂ ಅಲ್ಲೇ ಉಳಿಯಿತು. 1836ರಲ್ಲಿ ಲಂಡನ್ನಿನಲ್ಲಿ, 1858ರಲ್ಲಿ ನ್ಯೂಯಾರ್ಕಿನಲ್ಲಿ ನಾಣ್ಯ ಸಂಘಗಳು ಹುಟ್ಟಿದವು. ಸಂಶೋಧನೆಯ ಬಹುಪಾಲು ಇಂಥ ಸಂಘಗಳು ಮತ್ತು ಮ್ಯೂಸಿಯಂ ಕ್ಯುರೇಟರ್‌ಗಳ ಕೈಯಲ್ಲಿ ನಡೆಯಿತು. ಪ್ರೊಫೆಸರುಗಳ ಕಣ್ಣಿಗೆ ಇದು ಇತಿಹಾಸದ ಕೈಯಾಳಿನಂತೆ ಕಂಡಿತು.

ಆದರೆ ಈ ಕೈಯಾಳು ಮಾಡಿದ ಕೆಲಸ ಸಣ್ಣದಲ್ಲ. ಭಾರತದ ವಾಯವ್ಯದಲ್ಲಿ ಆಳಿದ ಇಂಡೋ-ಗ್ರೀಕ್ ರಾಜರಲ್ಲಿ ಹೆಚ್ಚಿನವರ ಹೆಸರು ನಮಗೆ ಗೊತ್ತಿರುವುದು ನಾಣ್ಯಗಳಿಂದ ಮಾತ್ರ. ಗ್ರಂಥಗಳಲ್ಲಿ ಸಿಗುವವರು ಕೆಲವೇ ಮಂದಿ. ಆ ನಾಣ್ಯಗಳ ಒಂದು ಮುಖದಲ್ಲಿ ಗ್ರೀಕ್, ಇನ್ನೊಂದು ಮುಖದಲ್ಲಿ ಖರೋಷ್ಠಿ ಎಂಬ ಹಳೆಯ ಲಿಪಿ. 1830ರ ದಶಕದಲ್ಲಿ ಜೇಮ್ಸ್ ಪ್ರಿನ್ಸೆಪ್ ಮತ್ತಿತರರು ಖರೋಷ್ಠಿಯನ್ನು ಬಿಡಿಸಿದ್ದೇ ಇದರ ಸಹಾಯದಿಂದ. ನಾಸಿಕದ ಹತ್ತಿರ ಜೋಗಳ್‌ತೆಂಬಿಯಲ್ಲಿ 1906ರಲ್ಲಿ ಸಿಕ್ಕ ನಿಧಿ ಇನ್ನೂ ಸ್ವಾರಸ್ಯದ್ದು. 13,000ಕ್ಕೂ ಹೆಚ್ಚು ಬೆಳ್ಳಿ ನಾಣ್ಯ, ಎಲ್ಲ ಪಶ್ಚಿಮ ಭಾರತವನ್ನು ಆಳಿದ ಶಕ ದೊರೆ, ಕ್ಷತ್ರಪ ನಹಪಾನನ ಕಾಲದವು. ಅವುಗಳಲ್ಲಿ 9,000ಕ್ಕೂ ಜಾಸ್ತಿ ನಾಣ್ಯಗಳ ಮೇಲೆ ಶಾತವಾಹನ ಗೌತಮೀಪುತ್ರ ಸಾತಕರ್ಣಿ ತನ್ನ ಮುದ್ರೆ ಒತ್ತಿಸಿದ್ದ. ಯಾರು ಯಾರನ್ನು ಸೋಲಿಸಿದರು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಾ? ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ 1921ರಲ್ಲಿ ಡಿ.ಆರ್. ಭಂಡಾರ್ಕರ್ ಕಾರ್ಮೈಕೇಲ್ ಉಪನ್ಯಾಸಗಳನ್ನು ಪ್ರಾಚೀನ ಭಾರತದ ನಾಣ್ಯಗಳ ಮೇಲೇ ಕೊಟ್ಟರು.

ಈ ವಿದ್ಯೆಗೆ ಅದರದ್ದೇ ವಿಧಾನವೂ ಇದೆ. ಹಿಂದೆ ನಾಣ್ಯ ಹೊಡೆಯುವ ಅಚ್ಚುಗಳನ್ನು ಕೈಯಿಂದ ಕೆತ್ತುತ್ತಿದ್ದರು. ಒಂದರಂತೆ ಇನ್ನೊಂದು ಇರುತ್ತಿರಲಿಲ್ಲ. ಎರಡು ನಾಣ್ಯಗಳ ಒಂದು ಮುಖ ಒಂದೇ ಅಚ್ಚಿನದು, ಇನ್ನೊಂದು ಮುಖ ಬೇರೆ ಅಚ್ಚಿನದು ಅಂದರೆ ಅವೆರಡರ ನಡುವೆ ಕೊಂಡಿ ಸಿಕ್ಕಿತು. ಅಚ್ಚಿನ ಬಿರುಕು, ಸವೆತ ನೋಡಿ ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳಬಹುದು. ಒಂದು ಅಚ್ಚಿನಿಂದ ಎಷ್ಟು ನಾಣ್ಯ ಹೊಡೆದಿರಬಹುದು ಎಂಬ ಜಗಳ ಮಾತ್ರ ಇನ್ನೂ ಮುಗಿದಿಲ್ಲ.

20ನೇ ಶತಮಾನದಲ್ಲಿ ಸ್ವಲ್ಪ ಜಾಗ ಸಿಕ್ಕಿತು. 1965ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಗೋಬಲ್ ನೇತೃತ್ವದಲ್ಲಿ ಪ್ರತ್ಯೇಕ ಸಂಸ್ಥೆಯೇ ಆಯಿತು. ಕೇಂಬ್ರಿಜ್‌ನಲ್ಲಿ 1971ರಲ್ಲಿ ಫಿಲಿಪ್ ಗ್ರಿಯರ್ಸನ್ ನಾಣ್ಯಶಾಸ್ತ್ರದ ಪ್ರೊಫೆಸರ್ ಆದರು, ಆದರೆ ಅದು ಅವರೊಬ್ಬರಿಗಾಗಿಯೇ ಕೊಟ್ಟ ಹುದ್ದೆ. ಒಬ್ಬ ಮೇಷ್ಟ್ರು ನಿವೃತ್ತರಾದರೆ ವಿಷಯವೇ ಪಠ್ಯದಿಂದ ಜಾರುವ ಭಯ ಬಹಳ ಕಡೆ ಇದೆ.

ಇನ್ನೊಂದು ಮುಜುಗರ ಸಂಗ್ರಾಹಕರದ್ದು. ಅವರಿಲ್ಲದೆ ಈ ವಿದ್ಯೆ ಹುಟ್ಟುತ್ತಲೇ ಇರಲಿಲ್ಲ. ಆದರೆ ಎಲ್ಲಿ ಸಿಕ್ಕಿತೆಂದು ಹೇಳದೆ ಮಾರಾಟವಾದ ನಾಣ್ಯ ಅರ್ಧ ಮೂಕ. ಕದ್ದು ಅಗೆದದ್ದಾದರೆ ಇನ್ನೂ ಕಷ್ಟ. ಮೂಲ ಗೊತ್ತಿಲ್ಲದ ವಸ್ತುಗಳನ್ನು ಮೊದಲ ಸಲ ಪ್ರಕಟಿಸಲು ಕೆಲವು ಪುರಾತತ್ವ ಪತ್ರಿಕೆಗಳು ಒಪ್ಪುವುದಿಲ್ಲ. ನನ್ನ ಪ್ರಕಾರ ಅದು ಸರಿಯೇ, ಕೆಲವು ಒಳ್ಳೆಯ ನಾಣ್ಯ ಕೈತಪ್ಪಿದರೂ ಸಹ.

ಈಗ ದೊಡ್ಡ ಸಂಗ್ರಹಗಳು ಆನ್‌ಲೈನ್‌ಗೆ ಬರುತ್ತಿವೆ. ಪೆಟ್ಟಿಗೆ ಇಲ್ಲದ ಕಾಲೇಜೂ ರೋಮನ್ ನಾಣ್ಯಗಳನ್ನು ಪರದೆ ಮೇಲೆ ಕಲಿಸಬಹುದು. ಫೋಟೋ ನೋಡಿ ಅಚ್ಚುಗಳನ್ನು ಗುಂಪು ಮಾಡುವ ಸಾಫ್ಟ್‌ವೇರ್ ಕೂಡ ಪ್ರಯೋಗದಲ್ಲಿದೆ. ಆದರೆ ಅದು ಮಾಡಿದ್ದು ಸರಿಯೋ ಅಂತ ನೋಡಲು ಪಳಗಿದ ಕಣ್ಣು ಬೇಕೇ ಬೇಕು. ಆ ಕಣ್ಣು ತಯಾರಾಗುವುದು ಇವತ್ತಿಗೂ ಹೆಚ್ಚಾಗಿ ವಿಶ್ವವಿದ್ಯಾಲಯದ ಹೊರಗೆ. ನ್ಯೂಯಾರ್ಕಿನ ಸಂಘ 1952ರಲ್ಲಿ ಸಂಶೋಧನಾ ವಿದ್ಯಾರ್ಥಿಗಳಿಗಾಗಿ ಶುರು ಮಾಡಿದ ಬೇಸಿಗೆ ತರಗತಿಯಂಥ ಕಡೆ, ನಾಣ್ಯವನ್ನು ಕೈಯಲ್ಲಿ ಹಿಡಿದು.