ಪಿಬಿ ಕೈತಪ್ಪುವುದು ಮೊದಲ ಎರಡು ಕಿಲೋಮೀಟರ್‌ನಲ್ಲಿ

ನನ್ನ ಬಳಿ ತರಬೇತಿಗೆ ಬರುವವರಲ್ಲಿ ಟೆನ್ ಕೆ, ಅಂದರೆ ಹತ್ತು ಕಿಲೋಮೀಟರ್ ಓಡುವವರೇ ಜಾಸ್ತಿ. ಆಫೀಸು, ಮನೆ, ಮಕ್ಕಳ ಸ್ಕೂಲು ಎಲ್ಲದರ ನಡುವೆ ಬೆಳಗಿನ ಒಂದು ಗಂಟೆ ಹೇಗೋ ಹೊಂದಿಸಿಕೊಂಡವರು. ಅವರು ಕೇಳುವುದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ: "ಮೇಡಂ, 52 ನಿಮಿಷಕ್ಕೆ ಬಂದು ನಿಂತುಬಿಟ್ಟಿದ್ದೀನಿ. 50ರ ಒಳಗೆ ಬರೋದು ಹೇಗೆ?" ಅವರಿಗೆ ಬೇಕಿರುವುದು ಹೊಸ ಪಿಬಿ, ಅಂದರೆ ಪರ್ಸನಲ್ ಬೆಸ್ಟ್, ತಮ್ಮದೇ ಅತ್ಯುತ್ತಮ ಸಮಯ.

ನಾನು ಮೊದಲು ಅವರ ವಾಚು ಕೇಳುತ್ತೇನೆ. ಕಳೆದ ರೇಸ್‌ನ ಒಂದೊಂದು ಕಿಲೋಮೀಟರ್‌ಗೂ ಎಷ್ಟು ಹೊತ್ತು ಹಿಡಿಯಿತು ಎಂದು ನೋಡುತ್ತೇನೆ. ಬಹುತೇಕರ ಲೆಕ್ಕ ಹೀಗಿರುತ್ತದೆ: ಮೊದಲ ಕಿಲೋಮೀಟರ್ 4:35, ಎರಡನೆಯದು 4:44, ಆಮೇಲೆ 4:58, 5:10, 5:18. ಅರ್ಧ ದಾರಿಗೆ 24:45. 50 ನಿಮಿಷದ ಗುರಿಗೆ ಕಿಲೋಮೀಟರ್‌ಗೆ 5:00 ಸಾಕು, ಅಂದರೆ ಗುರಿಗಿಂತ 15 ಸೆಕೆಂಡ್ ಮುಂದೆ. ನಂತರ 5:25, 5:28, 5:30, 5:25. ಕೊನೆಯ ಕಿಲೋಮೀಟರ್‌ನಲ್ಲಿ ಹಲ್ಲು ಕಚ್ಚಿ ಓಡಿ 5:02. ಒಟ್ಟು 51:35.

ಇದನ್ನು ನೋಡಿದವರು "ನನಗೆ ಸ್ಟ್ಯಾಮಿನಾ ಸಾಲದು" ಎನ್ನುತ್ತಾರೆ. ಕೊನೆಯ ಐದು ಕಿಲೋಮೀಟರ್‌ಗಾಗಿ ಇನ್ನೂ ಕಷ್ಟದ ತರಬೇತಿ ಕೊಡಿ ಎಂದು ಕೇಳುತ್ತಾರೆ. ಆದರೆ ಪೆಟ್ಟು ಬಿದ್ದಿರುವುದು ಕೊನೆಯಲ್ಲಿ ಅಲ್ಲ. 4:35ರಲ್ಲಿ ಓಡಿದ ಮೊದಲ ಕಿಲೋಮೀಟರ್‌ನಲ್ಲೇ ಆ ಓಟ ಮುಗಿದುಹೋಗಿದೆ. ಅದು ಗೊತ್ತಾಗುವುದು ಮಾತ್ರ ಐದಾರು ಕಿಲೋಮೀಟರ್ ಆದ ಮೇಲೆ.

ಯಾಕೆ ಹೀಗೆ? ಓಡಲು ಶುರು ಮಾಡಿದ ಕ್ಷಣದಿಂದಲೇ ಕಾಲಿನ ಸ್ನಾಯುಗಳಿಗೆ ಹೆಚ್ಚು ಆಮ್ಲಜನಕ ಬೇಕು. ಹೃದಯ ಮತ್ತು ಶ್ವಾಸಕೋಶ ಆ ಮಟ್ಟಕ್ಕೆ ಏರಲು ಎರಡು ಮೂರು ನಿಮಿಷ ತೆಗೆದುಕೊಳ್ಳುತ್ತವೆ. ಅಲ್ಲಿಯವರೆಗೆ ಸ್ನಾಯುಗಳು ತಮ್ಮಲ್ಲೇ ಕೂಡಿಟ್ಟ ಶಕ್ತಿಯಿಂದ ನಡೆಸುತ್ತವೆ. ಹಾಗಾಗಿ ಉಸಿರು ಇನ್ನೂ ಏರಿರುವುದಿಲ್ಲ, ಕಾಲು ಹಗುರ ಅನಿಸುತ್ತದೆ. ಜೊತೆಗೆ ಆ ವಾರ ವಿಶ್ರಾಂತಿ ಪಡೆದಿರುತ್ತೀರಿ. ಸುತ್ತ ಸಾವಿರಾರು ಜನ, ಡೋಲು, ಚಪ್ಪಾಳೆ. 4:35 ಸಲೀಸು ಅನಿಸುವುದು ಸಹಜ. ಮೊದಲ ಹತ್ತು ನಿಮಿಷ ನಿಮ್ಮ ದೇಹ ಹೇಳುವ ಮಾತನ್ನು ನಂಬಬೇಡಿ. ಆ ಹೊತ್ತಿಗೆ ಅದಕ್ಕೂ ಪೂರ್ತಿ ಸುದ್ದಿ ತಲುಪಿರುವುದಿಲ್ಲ.

ಪ್ರತಿಯೊಬ್ಬರಿಗೂ ಒಂದು ಮಿತಿಯ ವೇಗ ಇರುತ್ತದೆ. ಓಟಗಾರರು ಅದನ್ನು ಥ್ರೆಶೋಲ್ಡ್ ಎನ್ನುತ್ತಾರೆ. ಜೀವ ಬಿಟ್ಟು ಓಡಿದರೆ ಸುಮಾರು ಒಂದು ಗಂಟೆ ಹಿಡಿದಿಟ್ಟುಕೊಳ್ಳಬಹುದಾದ ವೇಗ ಅದು. ಅದಕ್ಕಿಂತ ಕೆಳಗಿದ್ದರೆ ಸ್ನಾಯುಗಳು ತಯಾರಿಸುವ ಲ್ಯಾಕ್ಟೇಟನ್ನು ದೇಹ ಅಲ್ಲಿಂದಲ್ಲಿಗೇ ಬಳಸಿಕೊಳ್ಳುತ್ತದೆ. ಲ್ಯಾಕ್ಟೇಟ್ ವಿಷವಲ್ಲ, ಅದೂ ಒಂದು ಇಂಧನವೇ. ಮಿತಿ ದಾಟಿದರೆ ಮಾತ್ರ ತಯಾರಾಗುವುದು ಜಾಸ್ತಿ, ಖರ್ಚಾಗುವುದು ಕಡಿಮೆ. ಸ್ನಾಯುವಿನೊಳಗೆ ಆಮ್ಲೀಯತೆ ಏರುತ್ತದೆ, ಉಸಿರು ಕಿತ್ತುಕೊಂಡು ಬರುತ್ತದೆ. ಒಲೆಯ ಮೇಲಿನ ಹಾಲನ್ನು ಉಕ್ಕುವ ಹಂತಕ್ಕೆ ತಂದು, ಉಕ್ಕದ ಹಾಗೆ ಉರಿ ಹಿಡಿದಿಡುವ ಕೆಲಸ ಇದು. ಒಮ್ಮೆ ಉಕ್ಕಿತೆಂದರೆ ಉರಿಯನ್ನು ತುಂಬಾ ತಗ್ಗಿಸಬೇಕು. ಮೊದಲ ಎರಡು ಕಿಲೋಮೀಟರ್‌ನಲ್ಲಿ ಗಳಿಸಿದ 41 ಸೆಕೆಂಡಿಗೆ, ಕೊನೆಯ ಐದರಲ್ಲಿ 110 ಸೆಕೆಂಡ್ ತೆತ್ತದ್ದು ಇದೇ ಕಾರಣಕ್ಕೆ.

ಇಲ್ಲಿ ಒಂದು ಮುಖ್ಯ ವಿಷಯ ಇದೆ. ತರಬೇತಿಯಲ್ಲಿ ಆಗುವ ಬಹಳಷ್ಟು ತಪ್ಪು ಇದನ್ನು ಗಮನಿಸದೆ ಇರುವುದರಿಂದಲೇ. 2022ರ ಬೆಂಗಳೂರು ವರ್ಲ್ಡ್ ಟೆನ್ ಕೆಯಲ್ಲಿ ಕೀನ್ಯಾದ ನಿಕೋಲಸ್ ಕಿಮೆಲಿ 27 ನಿಮಿಷ 38 ಸೆಕೆಂಡಿನಲ್ಲಿ ಓಟ ಮುಗಿಸಿದರು. ಮಹಿಳೆಯರಲ್ಲಿ ಐರೀನ್ ಚೆಪ್ಟಾಯ್ 30:35. ಅವರು ಓಡುವುದು ಅರ್ಧ ಗಂಟೆ ಅಷ್ಟೇ. ಹಾಗಾಗಿ ತಮ್ಮ ಮಿತಿಗಿಂತ ಸಾಕಷ್ಟು ಮೇಲೆಯೇ ಓಡುತ್ತಾರೆ, ಅದಕ್ಕೆ ತಕ್ಕ ಹಾಗೆ ವೇಗದ ಇಂಟರ್ವಲ್‌ಗಳು, ಅಂದರೆ ನಡುನಡುವೆ ಬಿಡುವು ಕೊಟ್ಟು ಓಡುವ ಚುರುಕು ಓಟಗಳು, ಅವರಿಗೆ ಬೇಕು. ನೀವು ಓಡುವುದು 50 ನಿಮಿಷ. ಅದು ಒಂದು ಗಂಟೆಗೆ ಹತ್ತಿರ. ಅಂದರೆ ನಿಮ್ಮ ಟೆನ್ ಕೆ ಪೇಸ್ (ಕಿಲೋಮೀಟರ್‌ಗೆ ಇಷ್ಟು ನಿಮಿಷ ಎಂಬ ವೇಗ) ಮತ್ತು ನಿಮ್ಮ ಥ್ರೆಶೋಲ್ಡ್ ಹೆಚ್ಚುಕಮ್ಮಿ ಅಕ್ಕಪಕ್ಕದಲ್ಲೇ ಇವೆ. ದೂರ ಒಂದೇ ಆದರೂ ಇವು ಎರಡು ಬೇರೆ ಬೇರೆ ಓಟಗಳು.

ಹಾಗಿದ್ದರೂ ವಾರದ ಮಧ್ಯೆ ಗುಂಪಿನಲ್ಲಿ ಹತ್ತು ಹನ್ನೆರಡು 400 ಮೀಟರ್‌ಗಳನ್ನು ಏದುಸಿರು ಬಿಡುತ್ತಾ ಓಡುವವರನ್ನು ತುಂಬಾ ನೋಡುತ್ತೇನೆ. ಅದು ಖುಷಿ ಕೊಡುತ್ತದೆ, ಕೂಡಲೇ ದಣಿಸುತ್ತದೆ, ಏನೋ ಮಾಡಿದೆವು ಅನಿಸುತ್ತದೆ. ಆದರೆ 52 ನಿಮಿಷದವರನ್ನು 50ಕ್ಕೆ ತರುವುದು ಅದಲ್ಲ. ಆ ಮಿತಿಯ ಗೆರೆಯನ್ನೇ ಸ್ವಲ್ಪ ಮೇಲಕ್ಕೆ ತಳ್ಳಬೇಕು. ಗೆರೆಯ ಹತ್ತಿರ ಹೆಚ್ಚು ಹೊತ್ತು ಇದ್ದರೆ ಮಾತ್ರ ಅದು ಮೇಲೆ ಹೋಗುತ್ತದೆ, ದಾಟಿ ದಾಟಿ ಬಂದರೆ ಅಲ್ಲ.

52 ನಿಮಿಷದ ಓಟಗಾರರಿಗೆ ಆ ವೇಗ ಸುಮಾರು ಕಿಲೋಮೀಟರ್‌ಗೆ 5:15ರಿಂದ 5:20. ಶುರುವಿಗೆ ಐದು ಸಲ ಒಂದೊಂದು ಕಿಲೋಮೀಟರ್ ಆ ವೇಗದಲ್ಲಿ, ನಡುವೆ ಒಂದು ನಿಮಿಷ ನಿಧಾನ ಜಾಗ್. ಕೆಲವು ವಾರ ಆದ ಮೇಲೆ ಎರಡೆರಡು ಕಿಲೋಮೀಟರ್‌ನಂತೆ ಮೂರು ಸಲ. ಆಮೇಲೆ ನಿಲ್ಲದೆ 25 ನಿಮಿಷ. ಮುಗಿಸಿದಾಗ "ಇನ್ನೊಂದು ಸಲ ಓಡಬಹುದಿತ್ತು" ಅನಿಸಬೇಕು. ಅನಿಸದಿದ್ದರೆ ಜಾಸ್ತಿ ವೇಗ ಆಯಿತು ಎಂದೇ ಅರ್ಥ. ರೇಸ್‌ಗೆ ಮೂರ್ನಾಲ್ಕು ವಾರ ಇರುವಾಗ ಸರಿಯಾಗಿ 5:00ರಲ್ಲಿ ಒಂದೊಂದು ಕಿಲೋಮೀಟರ್ ಓಡಿ ಅಭ್ಯಾಸ ಮಾಡಿ. ಅದು ಫಿಟ್‌ನೆಸ್‌ಗಿಂತ ಹೆಚ್ಚಾಗಿ ಕಾಲಿಗೆ ವೇಗದ ಗುರುತು ಹಿಡಿಸಲು. ವಾಚ್ ನೋಡದೆ "ಇದು ಐದು, ಇದು ನಾಲ್ಕೂ ಮುಕ್ಕಾಲು" ಎಂದು ಹೇಳುವಷ್ಟು ಗುರುತು ಇರಬೇಕು.

ಇದಕ್ಕೆ ಟ್ರ್ಯಾಕ್‌ಗಿಂತ ಒಳ್ಳೆ ಜಾಗ ಇಲ್ಲ. ಬೆಂಗಳೂರಿನ ಕಂಠೀರವ ಸ್ಟೇಡಿಯಂನ ಸಿಂಥೆಟಿಕ್ ಟ್ರ್ಯಾಕ್‌ನಲ್ಲಿ ಓಡುವ ಅವಕಾಶ ಸಿಕ್ಕರೆ ಬಿಡಬೇಡಿ. 50 ನಿಮಿಷದ ಟೆನ್ ಕೆ ಎಂದರೆ ಒಂದು ಸುತ್ತಿಗೆ ಸರಿಯಾಗಿ ಎರಡು ನಿಮಿಷ, ಹಾಗೆ 25 ಸುತ್ತು. ಲೆಕ್ಕ ಸುಲಭ. ಆದರೆ 400 ಮೀಟರ್ ಇರುವುದು ಒಳಗಿನ ಮೊದಲ ಲೇನ್‌ನಲ್ಲಿ ಮಾತ್ರ. ಹೊರಗೆ ಹೋದಂತೆ ಒಂದೊಂದು ಲೇನ್‌ಗೂ ಸುಮಾರು ಏಳೂವರೆ ಮೀಟರ್ ಸೇರುತ್ತದೆ. ನಾಲ್ಕನೇ ಲೇನ್‌ನಲ್ಲಿ ಓಡಿದರೆ ಅದೇ ಪೇಸ್‌ಗೆ ಸುತ್ತಿಗೆ ಎರಡು ನಿಮಿಷ ಏಳು ಸೆಕೆಂಡ್ ಆಗುತ್ತದೆ. ಇದು ಗೊತ್ತಿಲ್ಲದೆ ಬೇಜಾರಾಗಿ ವೇಗ ಹೆಚ್ಚಿಸಿಕೊಳ್ಳುವವರಿದ್ದಾರೆ.

ಟ್ರ್ಯಾಕ್ ಸಿಗದಿದ್ದರೆ ಭಾನುವಾರದ ಕಬ್ಬನ್ ಪಾರ್ಕ್ ಇದೆ. ಅವತ್ತು ಒಳಗೆ ವಾಹನ ಬಿಡುವುದಿಲ್ಲ. ಲಾಲ್‌ಬಾಗ್ ಚೆನ್ನಾಗಿದೆ, ಆದರೆ ಏಳು ಗಂಟೆಯ ಹೊತ್ತಿಗೆ ವಾಕಿಂಗ್‌ನವರ ನಡುವೆ ನುಸುಳುತ್ತಾ ಪೇಸ್ ಹಿಡಿಯುವುದು ಕಷ್ಟ. ಹಿರಿಯರಿಗೆ ಡಿಕ್ಕಿ ಹೊಡೆಯುವ ಅಪಾಯವೂ ಇದೆ. ಕೆರೆ ದಂಡೆಯ ಮಣ್ಣಿನ ದಾರಿಗಳನ್ನು ಈಸಿ ರನ್‌ಗೆ ಇಟ್ಟುಕೊಳ್ಳಿ.

ಈಸಿ ರನ್ ಬಗ್ಗೆ ನಾನು ಬಹಳ ಹಟ ಮಾಡುತ್ತೇನೆ. ವಾರದಲ್ಲಿ ಒಂದು ಕಷ್ಟದ ದಿನ, ಹೆಚ್ಚೆಂದರೆ ಎರಡು. ಉಳಿದದ್ದೆಲ್ಲ 6:15ರಿಂದ 6:45ರ ನಡುವೆ, ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡುವ ಹಾಗೆ. ನಿಧಾನ ಓಡಿದರೆ ನಿಧಾನವೇ ಆಗುತ್ತೇವೆ ಎಂಬ ಭಯ ಎಲ್ಲರಿಗೂ ಇದೆ. ಆದರೆ ಟೆನ್ ಕೆಯಲ್ಲಿ ಬಳಸುವ ಶಕ್ತಿಯಲ್ಲಿ ಶೇಕಡ 90ಕ್ಕೂ ಹೆಚ್ಚು ಆಮ್ಲಜನಕದ ದಾರಿಯಿಂದಲೇ ಬರುತ್ತದೆ. ಆ ದಾರಿ ಅಗಲವಾಗುವುದು ಹೆಚ್ಚು ಕಿಲೋಮೀಟರ್ ಓಡಿದಾಗ. ಹೆಚ್ಚು ಕಿಲೋಮೀಟರ್ ಓಡಬೇಕಾದರೆ ನಿಧಾನವಾಗಿ ಓಡಲೇಬೇಕು, ಇಲ್ಲದಿದ್ದರೆ ಮೊಣಕಾಲು, ಹಿಮ್ಮಡಿ ಕೈಕೊಡುತ್ತವೆ. ವಾರಕ್ಕೆ 15 ಕಿಲೋಮೀಟರ್ ಓಡುವವರು ಬಂದರೆ ಅವರಿಗೆ ಇಂಟರ್ವಲ್ ಕೊಡುವುದೇ ಇಲ್ಲ. ಮೊದಲು ನಿಧಾನವಾಗಿ 30ಕ್ಕೆ ಏರಿಸುತ್ತೇನೆ. ಕೆಲವರ ಪಿಬಿ ಅಷ್ಟರಲ್ಲೇ ಬಂದುಬಿಡುತ್ತದೆ.

ಎಲ್ಲ ಸರಿ ಮಾಡಿದರೂ ಸುಸ್ತು ಬಿಡದಿದ್ದರೆ, ಮುಖ್ಯವಾಗಿ ಹೆಣ್ಣುಮಕ್ಕಳು, ರಕ್ತಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ ಜೊತೆ, ದೇಹ ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ಕೂಡ ನೋಡಿಸಿ. ಕಬ್ಬಿಣದ ಕೊರತೆಯನ್ನು ಯಾವ ತರಬೇತಿಯೂ ಸರಿ ಮಾಡುವುದಿಲ್ಲ. ಜ್ವರ ಇರುವಾಗ ಓಡಬೇಡಿ. ಓಡುವಾಗ ಎದೆ ಹಿಡಿದುಕೊಂಡರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಿಸಿ ವೈದ್ಯರ ಹತ್ತಿರ ಹೋಗಿ.

ಇನ್ನು ವಾಚಿನ ವಿಷಯ. "ಮೇಡಂ, ವಾಚ್‌ನಲ್ಲಿ ಸರಾಸರಿ 4:59 ತೋರಿಸ್ತಾ ಇತ್ತು. ಆದ್ರೂ 50:35 ಬಂತು. ಕೋರ್ಸೇ ಉದ್ದ ಇತ್ತು" ಎಂಬ ದೂರು ಪ್ರತಿ ರೇಸ್ ಆದ ಮೇಲೂ ಬರುತ್ತದೆ. ಪ್ರಮಾಣೀಕೃತ ರೇಸ್‌ಗಳಲ್ಲಿ ದಾರಿಯನ್ನು ಅಳೆಯುವುದು ಸೈಕಲ್‌ನಲ್ಲಿ. ಮುಂದಿನ ಚಕ್ರಕ್ಕೆ ಸುತ್ತು ಎಣಿಸುವ ಪುಟ್ಟ ಉಪಕರಣ ಕಟ್ಟಿರುತ್ತಾರೆ. ತಿರುವುಗಳಲ್ಲಿ ಒಳಅಂಚಿಗೆ ಹತ್ತಿಕೊಂಡು, ಓಟಗಾರ ಹೋಗಬಹುದಾದ ಅತಿ ಚಿಕ್ಕ ದಾರಿಯನ್ನು ಅಳೆಯುತ್ತಾರೆ. ದಾರಿ ಕಡಿಮೆ ಬೀಳದಿರಲಿ ಎಂದು ಸಾವಿರಕ್ಕೆ ಒಂದು ಪಾಲು ಸೇರಿಸುತ್ತಾರೆ, ಅಂದರೆ ಹತ್ತು ಕಿಲೋಮೀಟರ್‌ಗೆ ಹತ್ತು ಮೀಟರ್. ನೀವು ಆ ಚಿಕ್ಕ ದಾರಿಯಲ್ಲಿ ಓಡಿರುವುದಿಲ್ಲ. ಜನರನ್ನು ದಾಟಲು ಅಡ್ಡಾಡಿರುತ್ತೀರಿ, ತಿರುವನ್ನು ಹೊರಗಿನಿಂದ ಸುತ್ತಿರುತ್ತೀರಿ, ನೀರಿಗೆಂದು ಆ ಬದಿಗೆ ಹೋಗಿರುತ್ತೀರಿ. ಅದರ ಮೇಲೆ ಮರಗಳ ಕೆಳಗೆ, ಎಂ.ಜಿ. ರಸ್ತೆಯ ಮೆಟ್ರೋ ಮಾರ್ಗದ ಪಕ್ಕದಲ್ಲಿ, ಎತ್ತರದ ಕಟ್ಟಡಗಳ ನಡುವೆ ಜಿಪಿಎಸ್ ತಪ್ಪುತ್ತದೆ. ಕೊನೆಗೆ ವಾಚ್ 10.15 ತೋರಿಸುತ್ತದೆ.

ಲೆಕ್ಕ ಹಾಕಿ. ವಾಚ್‌ನ 5:00 ಪೇಸ್‌ನಲ್ಲಿ 10.15 ಕಿಲೋಮೀಟರ್ ಓಡಿದರೆ 50:45. ಐವತ್ತರ ಒಳಗೆ ಬರಲು ವಾಚ್‌ನಲ್ಲಿ 4:55 ಬೇಕು. ಇದಕ್ಕಿಂತ ಸುಲಭದ ಉಪಾಯ, ವಾಚ್ ತಾನೇ ಕಿಲೋಮೀಟರ್ ಎಣಿಸಿ ಸಮಯ ಗುರುತಿಸುವ ಆಟೋ ಲ್ಯಾಪ್ ಆಫ್ ಮಾಡಿ, ರಸ್ತೆಯ ಪ್ರತಿ ಕಿಲೋಮೀಟರ್ ಬೋರ್ಡ್ ಹತ್ತಿರ ನೀವೇ ಲ್ಯಾಪ್ ಬಟನ್ ಒತ್ತುವುದು. ಮುಂದಿನ ತಿರುವು ಯಾವ ಕಡೆ ಎಂದು ಮೊದಲೇ ನೋಡಿ, ಅದರ ಒಳಅಂಚಿಗೆ ನೇರ ಗೆರೆ ಹಿಡಿಯಿರಿ. ಇದರಲ್ಲೇ 20–30 ಸೆಕೆಂಡ್ ಉಳಿಸಿದವರನ್ನು ನೋಡಿದ್ದೇನೆ. ಒಂದು ಹನಿ ಬೆವರೂ ಹೆಚ್ಚು ಸುರಿಸದೆ!

ಯಾವ ತಿಂಗಳಲ್ಲಿ ಪಿಬಿಗೆ ಕೈಹಾಕಬೇಕು ಎಂಬುದೂ ಮುಖ್ಯ. ನಮ್ಮ ಊರಿನ ದೊಡ್ಡ ರೇಸ್ 2008ರಿಂದ ನಡೆಯುತ್ತಿರುವ ವರ್ಲ್ಡ್ ಟೆನ್ ಕೆ. ಮೊದಲು ಮೇ ತಿಂಗಳಲ್ಲಿ ಇರುತ್ತಿತ್ತು, ಈಚೆಗೆ ಏಪ್ರಿಲ್‌ಗೆ ಬಂದಿದೆ. ಏಪ್ರಿಲ್‌ನಲ್ಲಿ ಬೆಂಗಳೂರಿನ ದಿನದ ಕನಿಷ್ಠ ಉಷ್ಣಾಂಶವೇ ಸರಾಸರಿ 22 ಡಿಗ್ರಿ ಸುತ್ತಮುತ್ತ. ಜನವರಿಯಲ್ಲಿ ಅದು 15–16. ಸೆಖೆಯಲ್ಲಿ ಮೈ ತಣಿಸಲು ರಕ್ತ ಚರ್ಮದ ಕಡೆಗೂ ಹರಿಯಬೇಕು, ಕಾಲಿಗೆ ಸಿಗುವ ಪಾಲು ಕಡಿಮೆಯಾಗುತ್ತದೆ, ಅದೇ ವೇಗಕ್ಕೆ ಹೃದಯ ಹೆಚ್ಚು ಬಡಿಯುತ್ತದೆ. ಆ ಜನಜಂಗುಳಿ, ಆ ಸಡಗರ ನನಗೂ ಇಷ್ಟ. ಅದನ್ನು ಅನುಭವಿಸಲು ಖಂಡಿತ ಓಡಿ. ಆದರೆ ಪಿಬಿಯೇ ಗುರಿಯಾದರೆ ನವೆಂಬರ್‌ನಿಂದ ಜನವರಿಯೊಳಗೆ, ಜನ ಕಡಿಮೆ ಇರುವ, ದಾರಿಯನ್ನು ಸರಿಯಾಗಿ ಅಳೆದ ರೇಸ್ ಹುಡುಕಿ. ಮಂಗಳೂರಿನಿಂದ ಬಂದು ಓಡುವವರು ಇಲ್ಲಿನ 900 ಮೀಟರ್ ಎತ್ತರದ ಬಗ್ಗೆ ಕೇಳುತ್ತಾರೆ. ಅದರ ಪರಿಣಾಮ ಸಣ್ಣದು. ಕರಾವಳಿಯ ಸೆಖೆ ತಪ್ಪುವುದರಿಂದ ಅವರಿಗೆ ಲಾಭವೇ ಜಾಸ್ತಿ.

ಊಟದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಒಂದು ಗಂಟೆಯೊಳಗಿನ ಓಟಕ್ಕೆ ಶಕ್ತಿಗೆಂದು ಓಡುತ್ತಾ ತಿನ್ನುವ ಸಿಹಿ ಜೆಲ್ ಬೇಕಿಲ್ಲ. ಹಿಂದಿನ ರಾತ್ರಿ ಅನ್ನ ಸಾರು, ಬೆಳಿಗ್ಗೆ ಒಂದು ಬಾಳೆಹಣ್ಣು ಸಾಕು. ದಿನಾ ಕಾಫಿ ಕುಡಿಯುವವರು ಮುಕ್ಕಾಲು ಗಂಟೆ ಮೊದಲು ಕುಡಿಯಿರಿ, ಕೆಫೀನ್‌ನಿಂದ ಸ್ವಲ್ಪ ಸಹಾಯ ಆಗುತ್ತದೆ. ಅಟ್ಟೆಯೊಳಗೆ ಗಟ್ಟಿ ಕಾರ್ಬನ್ ತಗಡು ಇರುವ ಕಾರ್ಬನ್ ಪ್ಲೇಟ್ ಶೂ ಕೂಡ ಸ್ವಲ್ಪ ಸಹಾಯ ಮಾಡಬಹುದು, ಆದರೆ ಅದನ್ನು ಮೊದಲ ಸಲ ರೇಸ್ ದಿನ ಹಾಕಬೇಡಿ. ಮೀನಖಂಡ ಅದಕ್ಕೆ ಒಗ್ಗಿರಬೇಕು.

ರೇಸ್ ದಿನ ಹತ್ತು ನಿಮಿಷ ನಿಧಾನ ಜಾಗ್, 20 ಸೆಕೆಂಡಿನ ನಾಲ್ಕು ಚುರುಕು ಓಟ ಮಾಡಿಕೊಳ್ಳಿ. ಆಗ ಆಮ್ಲಜನಕದ ವ್ಯವಸ್ಥೆ ಬೇಗ ಏರುತ್ತದೆ. ಸ್ಟಾರ್ಟ್‌ನಲ್ಲಿ ನುಗ್ಗಬೇಡಿ. ನಿಮ್ಮ ಚಿಪ್ ಟೈಮ್, ಅಂದರೆ ನೀವು ಧರಿಸಿದ ಚಿಪ್ ಗುರುತಿಸುವ ಸಮಯ, ಶುರುವಾಗುವುದು ನೀವು ಸ್ಟಾರ್ಟ್ ಗೆರೆಯ ಮ್ಯಾಟ್ ದಾಟಿದಾಗಲೇ. ಮೊದಲ ಕಿಲೋಮೀಟರ್ 5:05. ಎಲ್ಲರೂ ನಿಮ್ಮನ್ನು ದಾಟಿ ಹೋಗುತ್ತಾರೆ, ಹೋಗಲಿ. ಎರಡನೆಯದು 5:02. ಮೂರರಿಂದ ಏಳರವರೆಗೆ ಸರಿಯಾಗಿ 5:00. ಏರು ಬಂದಾಗ ಪೇಸ್ ಬಿಟ್ಟು ಉಸಿರಿನ ಲಯ ಹಿಡಿಯಿರಿ, ಕಳೆದ ನಾಲ್ಕೈದು ಸೆಕೆಂಡ್ ಇಳಿಜಾರಿನಲ್ಲಿ ಬಹುಮಟ್ಟಿಗೆ ವಾಪಸ್ ಸಿಗುತ್ತದೆ. ಕೊನೆಯ ಮೂರು 4:57, 4:57, 4:55. ಒಟ್ಟು 49:56.

ಎಂಟನೇ ಕಿಲೋಮೀಟರ್ ಕಷ್ಟವಾಗುತ್ತದೆ, ಹೀಗೆ ಓಡಿದರೂ ಆಗುತ್ತದೆ. ಆದರೆ ಆಗ ನೀವು ಬೇರೆಯವರನ್ನು ದಾಟುತ್ತಿರುತ್ತೀರಿ. ಮುಂದಿರುವ ಒಬ್ಬರ ಬೆನ್ನು ನೋಡಿ, ಅವರನ್ನು ಹಿಡಿಯಿರಿ. ಆಮೇಲೆ ಇನ್ನೊಬ್ಬರನ್ನು.

50:10 ಬಂದು ಬೇಜಾರಾದರೆ, ಟೆನ್ ಕೆಗೆ ಮ್ಯಾರಥಾನ್‌ನಷ್ಟು ದೀರ್ಘ ವಿಶ್ರಾಂತಿ ಬೇಕಿಲ್ಲ ಎಂಬುದು ನೆನಪಿರಲಿ. ಒಂದು ವಾರ ಬರೀ ಈಸಿ ರನ್ ಮಾಡಿ. ಮತ್ತೆರಡು ವಾರ ಹಳೆಯ ಥ್ರೆಶೋಲ್ಡ್ ಓಟಗಳು. ನಾಲ್ಕನೇ ವಾರ ಮತ್ತೆ ರೇಸ್ ಓಡಬಹುದು. ಬರುವಾಗ ಬೋರ್ಡ್‌ನಿಂದ ಬೋರ್ಡ್‌ಗೆ ಒತ್ತಿದ ಹತ್ತೂ ಲ್ಯಾಪ್‌ಗಳನ್ನು ಬರೆದು ತನ್ನಿ. ಮೊದಲ ಎರಡನ್ನು ಮೊದಲು ನೋಡೋಣ.