ಐಬಿನ ಬೆಳಕು

ಮಾಣಿಕ್ಯದ ಕೆಂಪಿಗೆ ಗ್ರಹಗಳನ್ನು ಎಳೆದು ತರುವವರ ಜೊತೆ ವಾದಿಸಿ ಸಾಕಾಗಿದೆ. ಮಾಣಿಕ್ಯದ ಮೂಲ ಹರಳು ಕೊರಂಡಮ್, ಅಂದರೆ ಅಲ್ಯೂಮಿನಿಯಂ ಆಕ್ಸೈಡ್; ಅಪ್ಪಟವಾಗಿದ್ದರೆ ಅದಕ್ಕೆ ಬಣ್ಣವೇ ಇಲ್ಲ. ಅಲ್ಯೂಮಿನಿಯಂ ಇರಬೇಕಾದ ಕಡೆ ಅಲ್ಲೊಂದು ಇಲ್ಲೊಂದು ಕ್ರೋಮಿಯಂ ಬಂದು ಕೂತರೆ ಅದೇ ಮಾಣಿಕ್ಯ. ಬಣ್ಣ ಬಂದಿದ್ದೇ ಐಬಿನಿಂದ.

ಪರಮಾಣುವಿನಷ್ಟೇ ತೆಳ್ಳಗಿನ ಹಾಳೆಗಳಲ್ಲೂ ಇದೇ ಕಥೆ. ಷಟ್ಕೋನ ಬೋರಾನ್ ನೈಟ್ರೈಡ್‌ನ ಬ್ಯಾಂಡ್ ಗ್ಯಾಪ್, ಅಂದರೆ ಎಲೆಕ್ಟ್ರಾನ್ ಮೇಲಿನ ಮಟ್ಟಕ್ಕೆ ಏರಲು ದಾಟಬೇಕಾದ ಶಕ್ತಿಯ ಅಂತರ, ಸುಮಾರು 6 ಎಲೆಕ್ಟ್ರಾನ್ ವೋಲ್ಟ್; ಕಾಣುವ ಬೆಳಕಿನ ಶಕ್ತಿಗಿಂತ ಬಹಳ ಹೆಚ್ಚು. ಕಣ್ಣಿಗೆ ಕಾಣುವ ಬೆಳಕು ಅದರ ಜಾಯಮಾನವೇ ಅಲ್ಲ. ಆದರೂ 2016ರಲ್ಲಿ ಸಿಡ್ನಿಯ ತಂತ್ರಜ್ಞಾನ ವಿಶ್ವವಿದ್ಯಾಲಯದ ತಂಡ ಅದರಲ್ಲಿ ಕಿತ್ತಳೆಗೆಂಪು ಚುಕ್ಕೆಗಳನ್ನು ಕಂಡಿತು. ಕೋಣೆಯ ಉಷ್ಣತೆಯಲ್ಲೇ, ಸಲಕ್ಕೆ ಒಂದೇ ಫೋಟಾನ್, ಅಂದರೆ ಬೆಳಕಿನ ಒಂದೇ ಕಣ. ಹೊಳೆಯುವುದು ಯಾವ ಐಬು: ನೈಟ್ರೋಜನ್ ಬಿಟ್ಟುಹೋದ ಖಾಲಿ ಜಾಗವೋ, ನುಸುಳಿದ ಕಾರ್ಬನ್ನೋ, ಎರಡೂ ಅಕ್ಕಪಕ್ಕವೋ? ಸೂಕ್ಷ್ಮದರ್ಶಕದಲ್ಲಿ ಆ ಚುಕ್ಕೆ ನೂರಾರು ನ್ಯಾನೋಮೀಟರ್ ಅಗಲಕ್ಕೆ ಹರಡಿರುತ್ತದೆ. ಅಕ್ಕಪಕ್ಕದ ಪರಮಾಣುಗಳ ಅಂತರ 0.145 ನ್ಯಾನೋಮೀಟರ್.

ಹಾಗಾಗಿ ಕಂಪ್ಯೂಟರ್. ಕೆಲವು ನೂರು ಪರಮಾಣುಗಳ ತುಂಡು ಕಟ್ಟಿ, ಒಂದನ್ನು ಕಿತ್ತು, ಡೆನ್ಸಿಟಿ ಫಂಕ್ಷನಲ್ ಸಿದ್ಧಾಂತದಲ್ಲಿ (ಎಲೆಕ್ಟ್ರಾನ್‌ಗಳ ಸಾಂದ್ರತೆಯಿಂದ ವಸ್ತುವಿನ ಗುಣ ಕಂಡುಕೊಳ್ಳುವ ವಿಧಾನ) ಲೆಕ್ಕ ಹಾಕುತ್ತಾರೆ. ಬಣ್ಣ ತಾಳೆಯಾದರೆ ಮುಗಿಯಿತು ಎಂದುಕೊಂಡವರು ಎಡವಿದ್ದು ಇಲ್ಲೇ. 2 ಎಲೆಕ್ಟ್ರಾನ್ ವೋಲ್ಟ್ ಆಸುಪಾಸಿನಲ್ಲಿ ಬೆಳಗಬಲ್ಲ ಐಬುಗಳು ಹತ್ತಾರು, ಲೆಕ್ಕದ ತಪ್ಪೇ ಎಲೆಕ್ಟ್ರಾನ್ ವೋಲ್ಟ್‌ನ ಹತ್ತರಲ್ಲಿ ಒಂದೆರಡು ಪಾಲು. ಬರೀ ಎತ್ತರ ನೋಡಿ ಕಳ್ಳನನ್ನು ಹಿಡಿದ ಹಾಗೆ. ನೋಡಬೇಕಾದ್ದು ನಡಿಗೆ.

ಇದು ನನಗೆ ತೀರಾ ಇಷ್ಟದ ಭಾಗ. ಮೂವರ ಸೀಟಿನಲ್ಲಿ ನಾಲ್ಕನೆಯವನು ತೂರಿ ಕೂತರೆ ಉಳಿದವರು ಸರಿಯುತ್ತಾರೆ. ಅವನೆದ್ದ ಕೂಡಲೇ ಹಿಂದಕ್ಕೆ ಹೊರಳಾಡುತ್ತಾರೆ. ಐಬಿನ ಎಲೆಕ್ಟ್ರಾನ್ ಮೇಲಿನ ಶಕ್ತಿಮಟ್ಟದಿಂದ ಕೆಳಗಿಳಿದು ಬೆಳಕು ಚೆಲ್ಲುವಾಗ ಸುತ್ತಲಿನ ಪರಮಾಣುಗಳದ್ದೂ ಇದೇ ಪಾಡು. ಇನ್ನೂ ಸರಿಯಾಗಿ ಹೇಳಬೇಕೆಂದರೆ, ದೋಣಿಯಿಂದ ದಡಕ್ಕೆ ನೆಗೆದಂತೆ: ದೋಣಿ ಎಷ್ಟು ಓಲಾಡಿತೋ ಅಷ್ಟು ಶಕ್ತಿ ನೆಗೆತದಲ್ಲಿ ಖೋತಾ. ಬಿಗಿಯಾಗಿ ಕಟ್ಟಿದ ದೋಣಿಯಾದರೆ ಪೂರ್ತಿ ನಿಮ್ಮದೇ. ಸರಾಸರಿ ಎಷ್ಟು ಓಲಾಟ ಎಂಬ ಅಂಕಿಗೆ ಹುವಾಂಗ್–ರೀಸ್ ಗುಣಾಂಕ ಎಂದು ಹೆಸರು. 1950ರಲ್ಲಿ ಕುನ್ ಹುವಾಂಗ್ ಮತ್ತು ಏವ್ರಿಲ್ ರೀಸ್ ಹರಳುಗಳ ಬಣ್ಣದ ಕೇಂದ್ರಗಳ ಬಗ್ಗೆ ಬರೆದ ಪ್ರಬಂಧದಿಂದ ಬಂದದ್ದು. (ಮುಂದೆ ಇಬ್ಬರೂ ಮದುವೆಯಾದರು.) ಹರಳು ತೀರಾ ತಣ್ಣಗಿದ್ದು ಗುಣಾಂಕ 1 ಇದ್ದರೆ, ನೂರರಲ್ಲಿ ಸುಮಾರು 37 ಫೋಟಾನ್ ಪೂರ್ತಿ ಶಕ್ತಿಯೊಂದಿಗೆ ಪಾರಾಗುತ್ತವೆ, 3 ಇದ್ದರೆ ಬರೀ 5. ಉಳಿದವು ಓಲಾಟಕ್ಕೆ ಸೋರಿದ ಶಕ್ತಿಗೆ ತಕ್ಕಂತೆ ಕೆಂಪಿನತ್ತ ಜಾರಿ, ಬೆಳಕಿನ ವರ್ಣಪಟಲದಲ್ಲಿ ಪೂರ್ತಿ ಶಕ್ತಿಯ ಮುಖ್ಯ ರೇಖೆಯ ಪಕ್ಕ ದಿಬ್ಬ ಕಟ್ಟುತ್ತವೆ. ಆ ದಿಬ್ಬದ ಆಕಾರ ಒಂದೊಂದು ಐಬಿಗೆ ಒಂದೊಂದು ಥರ. ಲೆಕ್ಕದ ದಿಬ್ಬ ಪ್ರಯೋಗದ ದಿಬ್ಬದ ಮೇಲೆ ಕೂತರೆ ಶಂಕಿತನ ಮೇಲಿನ ಅನುಮಾನ ಗಟ್ಟಿಯಾಗುತ್ತದೆ.

ಖಚಿತವಾಗಿ ಸಿಕ್ಕಿಬಿದ್ದದ್ದು ಋಣ ವಿದ್ಯುದಂಶದ ಬೋರಾನ್ ಖಾಲಿಜಾಗ. 2020ರಲ್ಲಿ ಅದರ ಸ್ಪಿನ್ (ಎಲೆಕ್ಟ್ರಾನ್‌ಗಳ ಪುಟ್ಟ ಅಯಸ್ಕಾಂತದಂಥ ಗುಣ) ಗುರುತು ಸುಮಾರು 3.5 ಗಿಗಾಹರ್ಟ್ಸ್‌ನಲ್ಲಿ ದೊರೆಯಿತು. ಆದರೆ ಅದು ಎಷ್ಟು ಮಂಕೆಂದರೆ ಪ್ರಯೋಗಗಳು ಹೆಚ್ಚಾಗಿ ಗುಂಪನ್ನೇ ಅಳೆಯುತ್ತವೆ. ಒಂಟಿಯಾಗಿ ಫಳಫಳ ಹೊಳೆಯುವ ಕಿತ್ತಳೆಗೆಂಪು ಚುಕ್ಕೆಗಳ ವಿಚಾರದಲ್ಲಿ ಕಾರ್ಬನ್ ಮೇಲೆ ಬಲವಾದ ಅನುಮಾನವಿದೆ, ಅದರ ಯಾವ ಜೋಡಣೆ ಎಂಬ ಜಗಳ ನಡೆದೇ ಇದೆ.